ಸರ್ವೆ ನಂಬರ್ 12/3 ಮಾರ್ಚ್ ತಿಂಗಳಾದಾಗ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿ ಕೆಡವಿದ ತಕ್ಷಣ ಕೊಬ್ಬರಿ ಆಗುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು, ಒಳಗಿನ ನೀರು ಇಂಗಬೇಕು, ಉಂಡೆ ಕರಟ ಬಿಡಬೇಕು. ಆಮೇಲೆ ಸುಲಿದು, ಕರಟ ಮಾತ್ರ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯಬೇಕು. ಏಟು ತಪ್ಪಿ ಉಂಡೆ ಚೂರಾದರೆ ದರವೂ ಬಿತ್ತು. ಕಂಪ್ಯೂಟರಿನ ಡೇಟಾಬೇಸ್‌ನಿಂದ ದಾಖಲೆಗಳನ್ನು ತೆಗೆದು ಎಕ್ಸೆಲ್ ಹಾಳೆಗೆ ಹಾಕುವುದೂ ಹೆಚ್ಚುಕಡಿಮೆ ಇಂಥದ್ದೇ ಕೆಲಸ.

ಬಿಸಿಎ ಮುಗಿಸಿ ಊರಲ್ಲೇ ಇರುವ ನನಗೆ ಇದು ಗೊತ್ತಾಗಿದ್ದು ನಮ್ಮ ಕಡೆಯ ಒಂದು ಸಂಘದ ಪಟ್ಟಿಯಿಂದ. ಆರು ನೂರಕ್ಕೂ ಹೆಚ್ಚು ಸದಸ್ಯರ ಹೆಸರು, ಸರ್ವೆ ನಂಬರ್, ಬ್ಯಾಂಕ್ ಖಾತೆ, ಕೊಟ್ಟ ಕೊಬ್ಬರಿಯ ತೂಕ ಎಲ್ಲವೂ ಹಳೆಯ ತಂತ್ರಾಂಶವೊಂದರ ಡೇಟಾಬೇಸ್‌ನಲ್ಲಿದ್ದವು. ಅದರಿಂದ ಸಿಎಸ್‌ವಿ ಅನ್ನುವ ಸರಳ ಪಠ್ಯದ ಕಡತ ತೆಗೆದು, ಎಕ್ಸೆಲ್‌ನಲ್ಲಿ ತೆರೆದು, ಸೇವ್ ಮಾಡಿ ಬ್ಯಾಂಕಿಗೆ ಕಳಿಸಿದ್ದರು. ಕೆಲವರಿಗೆ ಹಣ ಬಂತು, ಕೆಲವರಿಗೆ ಬರಲಿಲ್ಲ. ‘ಈ ನಂಬರಿನ ಖಾತೆಯೇ ಇಲ್ಲ’ ಅಂತ ವಾಪಸಾಯಿತು. ನಮ್ಮ ದೊಡ್ಡಪ್ಪ ಮೂರು ಸಲ ಬಸ್ಸು ಹತ್ತಿ ಬ್ಯಾಂಕಿಗೆ ಹೋಗಿ ಬಂದರು. ಕೊನೆಗೆ ಪಟ್ಟಿಯ ಪ್ರಿಂಟ್ ನನ್ನ ಕೈಗಿಟ್ಟು, ‘ನೋಡು ಮಗಾ, ನನ್ನ ತೋಟ ಮಾರ್ಚ್ ತಿಂಗ್ಳಾಗೈತೆ’ ಅಂದರು.

ನಿಜ, ಅವರ ಸರ್ವೆ ನಂಬರ್ 12/3. ಹಾಳೆಯಲ್ಲಿ ಇದ್ದದ್ದು ‘12-ಮಾರ್ಚ್’.

ಎಕ್ಸೆಲ್‌ಗೆ ಪಹಣಿ ಗೊತ್ತಿಲ್ಲ. ಓರೆಗೆರೆಯ ಆಚೆ ಈಚೆ ಎರಡು ಸಣ್ಣ ಸಂಖ್ಯೆ ಕಂಡರೆ ಅದು ತಾರೀಖು ಅಂತ ತಾನೇ ತೀರ್ಮಾನಿಸುತ್ತದೆ. ತಮಾಷೆ ಎಂದರೆ 45/2 ಹಾಗೇ ಉಳಿಯುತ್ತದೆ. 45ನೇ ತಾರೀಖು ಯಾವ ತಿಂಗಳಲ್ಲಿದೆ? ಹಾಗಾಗಿ ಪಟ್ಟಿ ಅರ್ಧ ಸರಿ, ಅರ್ಧ ತಪ್ಪು. ಮೇಲಿನ ನಾಲ್ಕು ಸಾಲು ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸಿಬಿಡುತ್ತದೆ.

ಖಾತೆ ಸಂಖ್ಯೆಯ ಪಾಡು ಇದಕ್ಕಿಂತ ಕಷ್ಟದ್ದು. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. ಖಾತೆ 16 ಅಂಕಿಯದ್ದಾದರೆ ಕೊನೆಯದು ಸೊನ್ನೆಯಾಗುತ್ತದೆ. ಮುಂದೆ ಸೊನ್ನೆಗಳಿದ್ದರೆ ಅವು ಮಾಯ. ಸೇವ್ ಮಾಡಿದ ಮೇಲೆ ಆ ಹಾಳೆಯಿಂದ ಹಳೆಯ ಅಂಕಿ ವಾಪಸ್ ಸಿಗುವುದಿಲ್ಲ, ಮತ್ತೆ ಡೇಟಾಬೇಸ್‌ಗೇ ಹೋಗಬೇಕು.

ಒಂದು ಅಂಕಿಯ ಬೆಲೆ ಎಷ್ಟು? 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ರಾಜ್ಯದ ಪ್ರೋತ್ಸಾಹಧನ 1,500. ಆ ಲೆಕ್ಕದಲ್ಲಿ ಹತ್ತು ಕ್ವಿಂಟಲ್ ಕೊಟ್ಟವರಿಗೆ 1,35,000 ರೂಪಾಯಿ. ಅದರಲ್ಲೇ ಸಾಲದ ಕಂತು, ಕಾಲೇಜು ಫೀಸು, ತೋಟದ ಗೊಬ್ಬರ. ಬೆಂಬಲ ಬೆಲೆಗೆ ಮಾರುವವರು ‘ಫ್ರೂಟ್ಸ್’ ಸಂಖ್ಯೆ ಕೊಡಬೇಕು, ಪಹಣಿ 2000ದಲ್ಲಿ ಶುರುವಾದ ‘ಭೂಮಿ’ ತಂತ್ರಾಂಶದಿಂದ ಬರುತ್ತದೆ, ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ರೈತ ಈಗ ಕಾಯಿ ಬೆಳೆಯುವವನಷ್ಟೇ ಅಲ್ಲ, ಯಾವುದೋ ಕೋಷ್ಟಕದ ಒಂದು ಸಾಲೂ ಹೌದು. ಆ ಸಾಲು ಕೆಟ್ಟರೆ ಅವನು ಅಲ್ಲಿ ಇಲ್ಲವೇ ಇಲ್ಲ.

ಪರಿಹಾರ ದೊಡ್ಡದೇನಲ್ಲ. ಪೈಥಾನ್‌ನಲ್ಲಿ ನಲವತ್ತು ಸಾಲಿನ ಕೋಡ್ ಬರೆದೆ. ಮೊದಲು ಡೇಟಾಬೇಸ್‌ಗೆ ಸಂಪರ್ಕ. ಆಮೇಲೆ ಎಸ್‌ಕ್ಯೂಎಲ್‌ನಲ್ಲಿ ಬೇಕಾದ ಕಾಲಂಗಳನ್ನಷ್ಟೇ ಹೆಸರು ಹಿಡಿದು ಕೇಳುವುದು. ಬಂದ ಒಂದೊಂದು ದಾಖಲೆಯನ್ನೂ ‘ಓಪನ್‌ಪೈಎಕ್ಸ್‌ಎಲ್’ ಎಂಬ ಉಚಿತ ಲೈಬ್ರರಿಯ ಮೂಲಕ ನೇರವಾಗಿ ಎಕ್ಸೆಲ್ ಹಾಳೆಗೆ ಬರೆಯುವುದು. ಮಧ್ಯೆ ಸಿಎಸ್‌ವಿ ಇಲ್ಲ. ಮುಖ್ಯವಾದ ಹೆಜ್ಜೆ ಇನ್ನೊಂದಿದೆ. ಸರ್ವೆ ನಂಬರ್ ಮತ್ತು ಖಾತೆ ಸಂಖ್ಯೆಯ ಕಾಲಂಗಳಿಗೆ ‘ಇದು ಪಠ್ಯ, ಸಂಖ್ಯೆಯಲ್ಲ’ ಅಂತ ಕೋಡ್‌ನಲ್ಲೇ ಹೇಳಿಡಬೇಕು. ಆಗ ಮುಂದೆ ಯಾರಾದರೂ ಆ ಚೌಕದಲ್ಲಿ ತಿದ್ದಿದರೂ ಎಕ್ಸೆಲ್ ತನ್ನ ಬುದ್ಧಿ ಓಡಿಸುವುದಿಲ್ಲ. ಯಾವುದನ್ನು ಕೂಡುವುದಿಲ್ಲವೋ, ಕಳೆಯುವುದಿಲ್ಲವೋ ಅದು ಸಂಖ್ಯೆಯಲ್ಲ ಅಂತ ನೆನಪಿಟ್ಟರೆ ಸಾಕು. ತೂಕವನ್ನು ಕೂಡುತ್ತೇವೆ, ಖಾತೆ ನಂಬರನ್ನು ಯಾರು ಕೂಡುತ್ತಾರೆ?

ಕನ್ನಡದ ಹೆಸರುಗಳದ್ದು ಬೇರೆಯೇ ಕಥೆ. ಹಳೆಯ ದಾಖಲೆಗಳು ಯುನಿಕೋಡ್‌ಗಿಂತ ಮುಂಚಿನ ‘ನುಡಿ’ ಫಾಂಟ್‌ನಲ್ಲಿದ್ದರೆ ಹಾಳೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ. ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಂಡೇ ಮುಂದೆ ಹೋಗಬೇಕು.

ಇದು ಹಳ್ಳಿಯ ಸಂಘಕ್ಕೆ ಮಾತ್ರ ಬರುವ ತೊಂದರೆ ಅಂದುಕೊಳ್ಳಬೇಡಿ. 2020ರಲ್ಲಿ ಕೋವಿಡ್ ಏರುತ್ತಿದ್ದಾಗ ಇಂಗ್ಲೆಂಡಿನಲ್ಲಿ 15,841 ಸೋಂಕಿತರ ದಾಖಲೆಗಳು ದೈನಂದಿನ ಲೆಕ್ಕದಿಂದ ಹೊರಗುಳಿದವು. ಕಾರಣ, ಹಳೆಯ ಮಾದರಿಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ಅಷ್ಟರಮಟ್ಟಿಗೆ ತಡವಾಯಿತು. ಅದೇ ವರ್ಷ ವಿಜ್ಞಾನಿಗಳು ‘ಮಾರ್ಚ್1’, ‘ಸೆಪ್ಟ್1’ ಮುಂತಾದ ಮನುಷ್ಯನ ಜೀನ್‌ಗಳ ಹೆಸರನ್ನೇ ಬದಲಿಸಿದ್ದು ತಿಳಿಯಿತು. ಎಕ್ಸೆಲ್ ಅವನ್ನೂ ತಾರೀಖು ಮಾಡುತ್ತಿತ್ತು! ನಮ್ಮ ದೊಡ್ಡಪ್ಪನ ತೋಟಕ್ಕೆ ಅಂಥ ಸೌಲಭ್ಯವಿಲ್ಲ. ಎಕ್ಸೆಲ್‌ಗೋಸ್ಕರ ಸರ್ವೆ ನಂಬರ್ ಬದಲಿಸಲು ಆಗುತ್ತದೆಯೇ?

ಅದಕ್ಕೇ ನನ್ನ ಕೋಡ್‌ನ ಕೊನೆಯಲ್ಲಿ ತಾಳೆ ನೋಡುವ ಸಾಲುಗಳಿವೆ. ಡೇಟಾಬೇಸ್‌ನಲ್ಲಿ ಎಷ್ಟು ದಾಖಲೆ, ಹಾಳೆಯಲ್ಲಿ ಎಷ್ಟು ಸಾಲು? ಅಲ್ಲಿನ ಒಟ್ಟು ತೂಕ, ಇಲ್ಲಿನ ಒಟ್ಟು ತೂಕ ಒಂದೇ ಇದೆಯೇ? ಒಂದು ಕೆಜಿ ವ್ಯತ್ಯಾಸ ಬಂದರೂ ಪಟ್ಟಿ ಹೊರಗೆ ಹೋಗುವುದಿಲ್ಲ. ಮಂಡಿಯಲ್ಲಿ ಚೀಲ ಎಣಿಸದೆ, ತೂಕ ನೋಡದೆ ಚೀಟಿ ಬರೆಯುತ್ತಾರೆಯೇ? ಇಲ್ಲೂ ಹಾಗೆಯೇ.

ಸಂಘದ ಕಾರ್ಯದರ್ಶಿಗಳು ಈಗ ಬ್ಯಾಂಕಿಗೆ ಕಳಿಸುವ ಮೊದಲು ಆ ಹಾಳೆಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾರೆ. ಓದು ಬಂದವರು ಬಾರದವರಿಗೆ ಓದಿ ಹೇಳುತ್ತಾರೆ. ಡೇಟಾಬೇಸ್‌ನಲ್ಲಿ ಬೀಗ ಹಾಕಿ ಕೂತಿದ್ದ ದಾಖಲೆ ಅದರ ಯಜಮಾನರ ಕಣ್ಣಿಗೆ ಬಿದ್ದದ್ದೇ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ. ನಿಮ್ಮೂರಿನ ಹಾಲಿನ ಡೇರಿಯಲ್ಲೋ, ಸ್ತ್ರೀಶಕ್ತಿ ಸಂಘದಲ್ಲೋ ಇಂಥ ಪಟ್ಟಿ ಇದ್ದೇ ಇರುತ್ತದೆ. ಕೋಡ್ ಕಲಿತಿದ್ದರೆ ಒಂದು ಭಾನುವಾರ ಹೋಗಿ ನೋಡಿ. ಯಾರ ಹೊಲ ಯಾವ ತಿಂಗಳಾಗಿದೆಯೋ!