ಕನ್ನಡ ಜಾಲಪುಟಗಳೂ ದೃಷ್ಟಿಮಾಂದ್ಯವುಳ್ಳ ವಾಚಕರೂ

ಅಚ್ಚಾದ ಪುಟವು ಕಣ್ಣಿಗಾಗಿಯೇ ಏರ್ಪಟ್ಟ ವಸ್ತು. ಜಾಲಪುಟದ ಸ್ವಭಾವವು ಬೇರೆ. ಗಣಕಯಂತ್ರದಲ್ಲಿ ಅಕ್ಷರವು ಮೊದಲು ಒಂದು ಸಂಖ್ಯೆಯಾಗಿ ನೆಲೆಸಿ, ಅನಂತರ ರೂಪವನ್ನು ತಾಳುವುದು. ಆ ಸಂಖ್ಯೆಯನ್ನು ಧ್ವನಿಯಾಗಿ ಮಾರ್ಪಡಿಸಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್, ಅರ್ಥಾತ್ ಪರದೆವಾಚಕವೆಂದು ಹೆಸರು. 2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣನು ಆರಂಭಿಸಿ, ಅನಂತರ ಜೇಮ್ಸ್ ಟೆ ಎಂಬ ಮತ್ತೊಬ್ಬ ಅಂಧ ತರುಣನೂ ಕೈಜೋಡಿಸಿದ ಎನ್‌ವಿಡಿಎ ಎಂಬ ವಾಚಕವು ಕ್ರಯವಿಲ್ಲದೆಯೇ ದೊರೆಯತಕ್ಕದ್ದು. ಅದರೊಡನೆ ಬರುವ ಈಸ್ಪೀಕ್ ಧ್ವನಿಯು ಕನ್ನಡವನ್ನೂ ಉಚ್ಚರಿಸಬಲ್ಲುದು. ಆ ಉಚ್ಚಾರಣೆ ಇಂಪಾದುದೇನೂ ಅಲ್ಲ, ಆದರೆ ಅರ್ಥಕ್ಕೆ ಸಾಲುವುದು. ಹೀಗಿದ್ದೂ ಅಂಧನಾದ ಕನ್ನಡ ವಿದ್ಯಾರ್ಥಿಯು ತನ್ನ ಪಾಠಗ್ರಂಥಗಳನ್ನು ಜಾಲದಲ್ಲಿ ಅರಸಿ ಬರಿಗೈಯಲ್ಲಿ ಹಿಂದಿರುಗುವ ಸಂದರ್ಭಗಳು ವಿರಳವಲ್ಲ. ಇದರ ಕಾರಣವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ತೊಡಕು ಛಾಯಾಪ್ರತಿಯದು. ಹಳೆಯ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಪುಟಪುಟವಾಗಿ ಚಿತ್ರ ತೆಗೆದು ಪಿಡಿಎಫ್ ರೂಪದಲ್ಲಿ ಪ್ರಕಟಿಸುವ ಕಾರ್ಯವು ಸ್ತುತ್ಯವಾದುದೇ. ಆದರೆ ಅಲ್ಲಿರುವುದು ಅಕ್ಷರದ ಚಿತ್ರ ಮಾತ್ರ. ಪರದೆವಾಚಕಕ್ಕೆ ಆ ಪುಟವು ಬರಿದಾದ ಹಾಳೆ. ಅಕ್ಷರಗ್ರಹಣ ತಂತ್ರಾಂಶದಿಂದ ಚಿತ್ರವನ್ನು ಪಠ್ಯವಾಗಿಸಬಹುದಾದರೂ, ಮಸುಕಾದ ಮುದ್ರಣದಲ್ಲಿ ಒತ್ತಕ್ಷರಗಳೂ ರೂಪಸಾಮ್ಯವುಳ್ಳ ವರ್ಣಗಳೂ ತಪ್ಪಾಗುವುವು. ಹಳಗನ್ನಡ ಪದ್ಯದಲ್ಲಿ ಒಂದು ಮಾತ್ರೆ ಕೆಟ್ಟರೂ ಛಂದಸ್ಸು ಮುರಿಯುವುದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ.

ಎರಡನೆಯದು ಇನ್ನೂ ವಿಚಿತ್ರವಾದುದು. ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ, ಎಂದರೆ 1991ರಲ್ಲಿ, ಕನ್ನಡಕ್ಕೆ ಸ್ಥಾನವು ದೊರೆತಿತ್ತು. ಆದರೂ ಬಹುಕಾಲದವರೆಗೆ ನಮ್ಮಲ್ಲಿ ರೋಮನ್ ವರ್ಣಗಳ ಸ್ಥಾನದಲ್ಲಿ ಕನ್ನಡದ ಅಕ್ಷರಖಂಡಗಳನ್ನು ಇರಿಸಿದ ಫಾಂಟ್‌ಗಳೇ ಬಳಕೆಯಲ್ಲಿದ್ದುವು. ನುಡಿಯ ಹಳೆಯ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದವು ಏಳು ಸಂಕೇತಗಳಾಗಿ ನಿಲ್ಲುವುದು: ರೋಮನ್ನಿನ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಇಮ್ಮಡಿ ‘ಎಸ್’, ‘ಕ್ಯೂ’, ಮತ್ತೊಮ್ಮೆ ‘ಎ’. ಕಣ್ಣುಳ್ಳವನು ‘ಕನ್ನಡ’ವೆಂದೇ ಓದುವನು, ಕಿವಿಯಿಂದ ಓದುವವನಿಗೆ ಈ ಪ್ರಲಾಪವೇ ಗತಿ. ಇಂಥ ಕಡತಗಳಿಂದ ನೇರವಾಗಿ ಮಾಡಿದ ಪಿಡಿಎಫ್‌ಗಳು ಈಗಲೂ ಜಾಲದಲ್ಲಿ ಉಳಿದಿವೆ. ಪರಿವರ್ತಕ ತಂತ್ರಾಂಶಗಳಿರುವುದರಿಂದ ಮೂಲ ಕಡತವು ಉಳಿದಿದ್ದರೆ ಪರಿಹಾರವು ಕಷ್ಟವಲ್ಲ.

ಯೂನಿಕೋಡ್‌ನಲ್ಲಿಯೂ ಒಂದು ಬಲೆಯುಂಟು. ಅನುಸ್ವಾರಕ್ಕೂ ಸೊನ್ನೆಯ ಕನ್ನಡ ಅಂಕಿಗೂ ರೂಪದಲ್ಲಿ ಭೇದವು ಕಾಣದು, ಸಂಕೇತಗಳು ಮಾತ್ರ ಬೇರೆ. ಒಂದಕ್ಕೆ ಬದಲಾಗಿ ಮತ್ತೊಂದು ಬಿದ್ದರೆ ಕರಡು ತಿದ್ದುವವರ ಕಣ್ಣಿಗೆ ಅದು ಗೋಚರವಾಗದು. ವಾಚಕಯಂತ್ರವು ಪದದ ನಡುವೆ ‘ಸೊನ್ನೆ’ ಎಂದು ಕೂಗಿಬಿಡುವುದು.

ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ಸೂಚಿಸದಿದ್ದರೆ ವಾಚಕವು ಇಂಗ್ಲಿಷ್ ಧ್ವನಿಯಿಂದಲೇ ಓದಲು ತೊಡಗುವುದುಂಟು. ಚಿತ್ರಕ್ಕೆ ಬದಲಿ ವಿವರಣೆ ಇಲ್ಲದಿದ್ದರೆ ಕಡತದ ಹೆಸರೇ ಕೇಳಿಬರಬಹುದು. ಅಧ್ಯಾಯಗಳ ಹೆಸರನ್ನು ದಪ್ಪಕ್ಷರ ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗದು; ಶೀರ್ಷಿಕೆಯೆಂದು ಗುರುತಿಸಿದ್ದರೆ ಮಾತ್ರ ಅಂಧನು ಕೀಲಿಯೊಂದನ್ನು ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ನೆಗೆಯಬಲ್ಲನು.

ಇನ್ನು ಮಂದದೃಷ್ಟಿಯವರ ವಿಷಯ. ಇವರು ಪರದೆಯನ್ನು ಹಿಗ್ಗಿಸಿ ಓದುವರು. ಭೂತಗನ್ನಡಿಯಂತಿರುವ ತಂತ್ರಾಂಶದಿಂದ ನಾಲ್ಕು ಪಾಲು ಹಿಗ್ಗಿಸಿದರೆ ಒಂದು ಸಲಕ್ಕೆ ಕಾಣುವುದು ಪರದೆಯ ಹದಿನಾರನೆಯ ಒಂದು ಭಾಗ. ಎಡಗಡೆ ಗುಂಡಿಯನ್ನು ಒತ್ತಿದಾಗ ಬಲಮೂಲೆಯಲ್ಲಿ ಮೂಡಿದ ಎಚ್ಚರಿಕೆಯು ಇವರಿಗೆ ಕಾಣದು. ಸಾಲುಗಳು ಪರದೆಯ ಅಗಲಕ್ಕೆ ತಕ್ಕಂತೆ ಮಡಿಸಿಕೊಳ್ಳದಿದ್ದರೆ ಒಂದೊಂದು ಸಾಲಿಗೂ ಎಡಬಲಕ್ಕೆ ಸರಿಯಬೇಕಾಗುವುದು. ಕನ್ನಡಕ್ಕೆ ವಿಶೇಷವಾದ ತೊಂದರೆಯೂ ಒಂದಿದೆ. ನಮ್ಮ ಒತ್ತುಗಳು ಅಕ್ಷರದ ಕೆಳಗೆ ನಿಲ್ಲತಕ್ಕುವು. ರೋಮನ್ ಲಿಪಿಯ ಅಳತೆಗೆ ಸಾಲಿನ ಎತ್ತರವನ್ನು ಬಿಗಿಮಾಡಿದ ಚೌಕಟ್ಟಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿದರೆ ಕೆಳಭಾಗವು ಕತ್ತರಿಸಿಹೋಗುವುದು. ಆಗ ‘ಹಳ್ಳಿ’ಯು ‘ಹಳಿ’ಯಾಗುವುದು, ‘ಕತ್ತೆ’ಯು ‘ಕತೆ’ಯಾಗುವುದು. ಕತ್ತೆಗೆ ಇದು ಬಡ್ತಿಯೆನ್ನಬಹುದು, ಓದುಗನಿಗೆ ಅಲ್ಲ.

ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು 1999ರಿಂದ ಈ ವಿಷಯದಲ್ಲಿ ನಿಯಮಗಳನ್ನು ಪ್ರಕಟಿಸುತ್ತ ಬಂದಿದೆ. ಅಕ್ಷರವನ್ನು ಇಮ್ಮಡಿಸಿದರೂ ಪಠ್ಯವು ಲೋಪವಾಗಕೂಡದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂತಿಯ ಅಂತರವು 4.5ಕ್ಕೆ 1ರಷ್ಟಾದರೂ ಇರತಕ್ಕದ್ದು. ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವು ವಿದ್ಯುನ್ಮಾನ ಮಾಧ್ಯಮಗಳು ಎಲ್ಲರಿಗೂ ಎಟಕುವಂತಿರಬೇಕೆಂದು ವಿಧಿಸುವುದು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಈ ಸೌಕರ್ಯವನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಗಿಸಿ ತೀರ್ಪಿತ್ತಿತು.

ವಿಧಿಯಿದ್ದ ಮಾತ್ರಕ್ಕೆ ಪಠ್ಯವು ಶುದ್ಧವಾಗದು. ಯಂತ್ರವು ಗ್ರಹಿಸಿದ ಹಳಗನ್ನಡದ ಪಾಠವನ್ನು ಮೂಲದೊಡನೆ ಹೋಲಿಸಿ ತಿದ್ದಲು ಹಳಗನ್ನಡ ಬಲ್ಲವರೇ ಬೇಕು, ಗಣಕ ನಿಪುಣರಿಂದ ಆ ಕೆಲಸ ಆಗಲಾರದು. ವಿದ್ವತ್ಸಂಸ್ಥೆಗಳು ತಮ್ಮ ಹಳೆಯ ಸಂಚಿಕೆಗಳ ಛಾಯಾಪ್ರತಿಯೊಡನೆ ಹೀಗೆ ತಿದ್ದಿದ ಯೂನಿಕೋಡ್ ಪಠ್ಯವನ್ನೂ ಇರಿಸಿದರೆ, ಅಂಧನಿಗೆ ಓದು ದೊರೆಯುವುದಲ್ಲದೆ, ಪದಪ್ರಯೋಗಗಳನ್ನು ಹುಡುಕುವ ನಿಘಂಟುಕಾರನಿಗೂ ಅದೇ ಪಠ್ಯವು ಒದಗುವುದು.