ಒಂದು ಸೋಲು, ಸೀದಾ ಮನೆಗೆ: ಹೈಸ್ಕೂಲ್ ಬಾಸ್ಕೆಟ್‌ಬಾಲ್ ಜಿಲ್ಲಾ ಪ್ರಶಸ್ತಿಯ ಲೆಕ್ಕ ಹೆಂಗ?

ನಾಲವಾರ: 2024ರ ಐಪಿಎಲ್ ನೆನಪಿದೆಯಲ್ಲ? ಮಾರ್ಚ್ 22ರಂದು ಮೊದಲ ಪಂದ್ಯದಲ್ಲೇ ಆರ್‌ಸಿಬಿ ಚೆನ್ನೈ ಕೈಯಲ್ಲಿ ಸೋತಿತು. ಮೊದಲ ಎಂಟು ಪಂದ್ಯ ಮುಗಿಯುವ ಹೊತ್ತಿಗೆ ಏಳು ಸೋಲು. ಪಾಯಿಂಟ್ಸ್ ಟೇಬಲ್‌ನಲ್ಲಿ ಎಲ್ಲರಿಗಿಂತ ಕೆಳಗೆ. ಆಮೇಲೆ ಸತತ ಆರು ಪಂದ್ಯ ಗೆದ್ದು, ಮೇ 18ರಂದು ಅದೇ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ, ರನ್‌ರೇಟ್ ಲೆಕ್ಕದಲ್ಲಿ ಪ್ಲೇ ಆಫ್ ಸೇರಿತು. ಅವತ್ತು ರಾತ್ರಿ ನಮ್ಮ ಊರುಗಳಲ್ಲೂ ಪಟಾಕಿ ಹಾರಿದವು.

ಅದೇ ಟೂರ್ನಿಗೆ ನಮ್ಮ ಶಾಲಾ ಕ್ರೀಡಾಕೂಟದ ನಿಯಮ ಹಾಕಿ ನೋಡ್ರಿ. ಆರ್‌ಸಿಬಿ ಮಾರ್ಚ್ 22ರ ರಾತ್ರಿಯೇ ಬ್ಯಾಗ್ ಕಟ್ಟಬೇಕಿತ್ತು.

ಹೈಸ್ಕೂಲ್ ಮಕ್ಕಳು ಆಡುವ ಜಿಲ್ಲಾ ಮಟ್ಟದ ಬಾಸ್ಕೆಟ್‌ಬಾಲ್‌ಗೂ ಟಿವಿಯಲ್ಲಿ ನೋಡುವ ಟೂರ್ನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಇಲ್ಲಿ ಹೆಚ್ಚಾಗಿ ನಾಕೌಟ್. ‘ಮುಂದಿನ ಮ್ಯಾಚ್‌ನಾಗ ನೋಡ್ಕೊಳ್ಳೋಣ’ ಅನ್ನುವ ಮಾತಿಗೆ ಜಾಗವೇ ಇಲ್ಲ. ಊರಿನ ತಂಡ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್ ಬಂದರೆ ಚಹಾ ಅಂಗಡಿ ಮುಂದೆ ಒಂದೇ ಪ್ರಶ್ನೆ: ‘ಏನ್ರೀ ಮಾಸ್ತರ್, ಒಂದೇ ಮ್ಯಾಚ್ ಸೋತ್ರ ಮುಗೀತಾ?’ ಹೌದು, ಮುಗೀತು. ಯಾಕೆ ಹಾಗೆ, ಪ್ರಶಸ್ತಿ ಯಾವುದರ ಮೇಲೆ ನಿಂತಿರುತ್ತದೆ ಅನ್ನುವುದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

ಮೆಟ್ಟಿಲು ಎಷ್ಟು?

ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲು ಹೋಬಳಿ ಅಥವಾ ವಲಯ, ನಂತರ ತಾಲೂಕು, ಜಿಲ್ಲೆ, ವಿಭಾಗ, ಕೊನೆಗೆ ರಾಜ್ಯ. ಹೈಸ್ಕೂಲ್ ಮಕ್ಕಳು 17 ವರ್ಷದೊಳಗಿನವರ ವಿಭಾಗದಲ್ಲಿ ಆಡುತ್ತಾರೆ. ತಾಲೂಕಿನಲ್ಲಿ ಗೆದ್ದ ಶಾಲೆ ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದ ಶಾಲೆ ವಿಭಾಗಕ್ಕೆ. ಎರಡನೇ ಸ್ಥಾನಕ್ಕೆ ಸರ್ಟಿಫಿಕೇಟ್ ಉಂಟು, ಮುಂದಿನ ಟಿಕೆಟ್ ಇಲ್ಲ.

ಇಲ್ಲಿ ಒಂದು ಗೊಂದಲ ಬಹಳ ಜನರಿಗೆ ಇದೆ. ಕಂದಾಯ ಲೆಕ್ಕದಲ್ಲಿ ಕಲಬುರಗಿ ಜಿಲ್ಲೆಗೆ ಈಗ 11 ತಾಲೂಕು. ಶಹಾಬಾದ, ಕಾಳಗಿ, ಕಮಲಾಪುರ, ಯಡ್ರಾಮಿ ಹೊಸದಾಗಿ ಸೇರಿದವು. ಆದರೆ ಶಿಕ್ಷಣ ಇಲಾಖೆಯ ಬಿಇಒ ವ್ಯಾಪ್ತಿ ಹಳೆಯ ತಾಲೂಕುಗಳ ಮೇಲೆಯೇ ನಿಂತಿದೆ: ಕಲಬುರಗಿ ಉತ್ತರ, ಕಲಬುರಗಿ ದಕ್ಷಿಣ, ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಒಟ್ಟು ಎಂಟು. ಅಂದರೆ ನಾಲವಾರದ ಹುಡುಗರು ಜಿಲ್ಲೆಯ ಮುಖ ನೋಡಬೇಕಾದರೆ ವಾಡಿ, ಶಹಾಬಾದ, ಚಿತ್ತಾಪುರ ಪಟ್ಟಣದ ಶಾಲೆಗಳನ್ನು ಒಂದೇ ಬುಟ್ಟಿಯಲ್ಲಿ ಎದುರಿಸಬೇಕು. ಕಲಬುರಗಿ ನಗರಕ್ಕೆ ಮಾತ್ರ ಉತ್ತರ, ದಕ್ಷಿಣ ಅಂತ ಎರಡು ಬಾಗಿಲು. ನಗರದಲ್ಲಿ ಶಾಲೆಗಳೂ ಜಾಸ್ತಿ ಇವೆ ನಿಜ, ಆದರೂ ನಮ್ಮ ಕಡೆಯವರಿಗೆ ಇದು ಸ್ವಲ್ಪ ಖಾರ ಅನಿಸಿದರೆ ತಪ್ಪೇನಿಲ್ಲ.

ನಾಕೌಟೇ ಯಾಕೆ?

ಎಂಟು ತಂಡ ನಾಕೌಟ್ ಆಡಿದರೆ ಒಟ್ಟು 7 ಪಂದ್ಯ. ಪ್ರತಿ ಪಂದ್ಯಕ್ಕೆ ಒಂದು ತಂಡ ಹೊರಗೆ, ಕೊನೆಗೆ ಒಂದು ಉಳಿಯಬೇಕು. ಹಾಗಾಗಿ ತಂಡಗಳ ಸಂಖ್ಯೆಯಲ್ಲಿ ಒಂದು ಕಳೆದರೆ ಪಂದ್ಯಗಳ ಸಂಖ್ಯೆ. ಅದೇ ಎಂಟು ತಂಡ ಲೀಗ್ ಆಡಿದರೆ, ಅಂದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಆಡಿದರೆ, 28 ಪಂದ್ಯ. ಬಾಸ್ಕೆಟ್‌ಬಾಲ್ ನಿಯಮದಂತೆ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಬರೇ ಆಟದ ಸಮಯ 40 ನಿಮಿಷ. ಟೈಮ್‌ಔಟ್, ಫೌಲ್, ವಿರಾಮ ಎಲ್ಲಾ ಸೇರಿ ಒಂದೂಕಾಲು ಗಂಟೆ ಹಿಡಿಯಿರಿ. 28 ಪಂದ್ಯಕ್ಕೆ 35 ಗಂಟೆ. ಒಂದೇ ಅಂಕಣ ಇದ್ದರೆ ನಾಲ್ಕು ದಿನ ಬೇಕು. ಎಂಟು ತಂಡದ ಮಕ್ಕಳಿಗೆ ನಾಲ್ಕು ದಿನ ಊಟ, ವಸತಿ. ಅದೂ ಹುಡುಗರು ಬೇರೆ, ಹುಡುಗಿಯರು ಬೇರೆ. ನಾಕೌಟ್ ಆದರೆ ಒಂದೇ ದಿನದಲ್ಲಿ ಒಗ್ಗರಣೆ ಮುಗಿಯುತ್ತದೆ. ಸಂಘಟಕರನ್ನು ಬೈದು ಪ್ರಯೋಜನ ಇಲ್ಲ, ಖರ್ಚಿನ ಲೆಕ್ಕವೇ ಹಾಗಿದೆ.

ಆದರೆ ಇದರ ಬೆಲೆ ತೆರುವವರು ಮಕ್ಕಳು. ಎಂಟು ತಂಡಗಳ ಡ್ರಾದಲ್ಲಿ ಅತಿ ಬಲಿಷ್ಠ ಎರಡು ತಂಡಗಳು ಮೊದಲ ಸುತ್ತಿನಲ್ಲೇ ಮುಖಾಮುಖಿ ಆದರೆ ಜಿಲ್ಲೆಯ ಎರಡನೇ ಉತ್ತಮ ತಂಡ ಬೆಳಿಗ್ಗೆ ಹತ್ತು ಗಂಟೆಗೇ ಔಟ್. ಅದಕ್ಕೇ ಹಿಂದಿನ ವರ್ಷದ ಫೈನಲ್ ತಂಡಗಳನ್ನು ಡ್ರಾದ ಎರಡು ತುದಿಯಲ್ಲಿ ಇಡುವ ಪದ್ಧತಿ ಇದೆ, ಸೀಡಿಂಗ್ ಅನ್ನುತ್ತಾರೆ. ಚೀಟಿ ಎತ್ತುವಾಗ ನಿಮ್ಮ ಶಾಲೆಯ ದೈಹಿಕ ಶಿಕ್ಷಕರು ಅಲ್ಲೇ ಇದ್ದು ಕೇಳಬಹುದಾದ ಪ್ರಶ್ನೆ ಇದು: ಸೀಡಿಂಗ್ ಉಂಟೋ, ಬರೇ ಚೀಟಿಯೋ?

‘ಬೈ’ ಅನ್ನುವುದೂ ಇಲ್ಲೇ ಬರುತ್ತದೆ. ನಾಕೌಟ್ ಸರಿಯಾಗಿ ಕೂಡಬೇಕಾದರೆ ತಂಡಗಳು 4, 8, 16 ಹೀಗಿರಬೇಕು. ಆರು ತಂಡ ಬಂದರೆ ಎಂಟಕ್ಕೆ ಎರಡು ಕಡಿಮೆ, ಹಾಗಾಗಿ ಇಬ್ಬರಿಗೆ ಬೈ, ಆಡದೇ ಮುಂದಿನ ಸುತ್ತು. ನಾಳೆ 11 ತಾಲೂಕಿಗೂ ಬೇರೆ ಬೇರೆ ತಂಡ ಕೊಟ್ಟರೆ 16ಕ್ಕೆ ಐದು ಕಡಿಮೆ, ಐದು ತಂಡಕ್ಕೆ ಬೈ. ‘ಅವರು ಒಂದೂ ಆಡದೇ ಸೆಮಿಫೈನಲ್‌ಗೆ ಬಂದ್ರು’ ಅಂತ ಕೇಳಿಬರುವ ದೂರಿನಲ್ಲಿ ಬಹಳ ಸಲ ಮೋಸ ಇರುವುದಿಲ್ಲ, ಗಣಿತ ಇರುತ್ತದೆ.

ಮಧ್ಯದ ದಾರಿ, ಒಂದು ಬುಟ್ಟಿ ಲೆಕ್ಕ

ಎಂಟು ತಂಡಗಳನ್ನು ನಾಲ್ಕರಂತೆ ಎರಡು ಗುಂಪು ಮಾಡಿ, ಗುಂಪಿನೊಳಗೆ ಲೀಗ್ ಆಡಿಸಿ, ಆಮೇಲೆ ಸೆಮಿಫೈನಲ್, ಫೈನಲ್ ಇಡಬಹುದು. ಗುಂಪಿಗೆ 6ರಂತೆ 12, ಜೊತೆಗೆ 3, ಒಟ್ಟು 15 ಪಂದ್ಯ. ಎರಡು ದಿನದ ಕೆಲಸ. ಪ್ರತಿ ತಂಡಕ್ಕೆ ಕನಿಷ್ಠ ಮೂರು ಪಂದ್ಯ ಗ್ಯಾರಂಟಿ. ನನ್ನ ಅಭಿಪ್ರಾಯದಲ್ಲಿ ಮಕ್ಕಳ ಆಟಕ್ಕೆ ಇದೇ ಸರಿ. ಹೀಗೆ ಆಡಿಸಿದಾಗ ಮಾತ್ರ ನಿಜವಾದ ‘ಪ್ಲೇ ಆಫ್ ರೇಸ್’ ಹುಟ್ಟುತ್ತದೆ. ಅದರ ಲೆಕ್ಕ ಗೊತ್ತಿರದೆ ಮೋಸ ಹೋಗುವವರೂ ಇದ್ದಾರೆ.

ಉದಾಹರಣೆಗೆ ಚಿತ್ತಾಪುರ, ಸೇಡಂ, ಚಿಂಚೋಳಿ, ಆಳಂದ ಒಂದು ಗುಂಪಿನಲ್ಲಿವೆ ಅಂತ ಇಟ್ಟುಕೊಳ್ಳೋಣ. ಇವು ಬರೇ ಲೆಕ್ಕಕ್ಕೆ, ನಡೆದ ಪಂದ್ಯಗಳಲ್ಲ. ಮೂವರೂ ಆಳಂದವನ್ನು ಸೋಲಿಸಿದರು. ಚಿತ್ತಾಪುರ ಸೇಡಂ ಮೇಲೆ 40-38ರಿಂದ ಗೆದ್ದಿತು. ಸೇಡಂ ಚಿಂಚೋಳಿ ಮೇಲೆ 44-34. ಚಿಂಚೋಳಿ ಚಿತ್ತಾಪುರದ ಮೇಲೆ 36-31. ಈಗ ಮೂವರಿಗೂ ಎರಡೆರಡು ಗೆಲುವು. ಸೆಮಿಫೈನಲ್‌ಗೆ ಇಬ್ಬರೇ.

ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ನಿಯಮದಂತೆ ಇಂಥ ಹೊತ್ತಲ್ಲಿ ಆ ಮೂವರು ತಮ್ಮತಮ್ಮಲ್ಲಿ ಆಡಿದ ಪಂದ್ಯಗಳನ್ನು ಮಾತ್ರ ಮೊದಲು ನೋಡಬೇಕು. ಸೇಡಂಗೆ ಎರಡು ಅಂಕ ಹೋಯಿತು, ಹತ್ತು ಬಂತು: ಪ್ಲಸ್ 8. ಚಿತ್ತಾಪುರಕ್ಕೆ ಎರಡು ಬಂತು, ಐದು ಹೋಯಿತು: ಮೈನಸ್ 3. ಚಿಂಚೋಳಿಗೆ ಹತ್ತು ಹೋಯಿತು, ಐದು ಬಂತು: ಮೈನಸ್ 5. ಸೇಡಂ, ಚಿತ್ತಾಪುರ ಒಳಗೆ, ಚಿಂಚೋಳಿ ಹೊರಗೆ. ಆಳಂದದ ಮೇಲೆ ಚಿಂಚೋಳಿ 40 ಅಂಕದ ಅಂತರದಿಂದ ಗೆದ್ದಿದ್ದರೂ ಈ ಹಂತದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಈಗ ಚಿತ್ತಾಪುರ ಐದರ ಬದಲು ಏಳು ಅಂಕದಿಂದ ಸೋತಿದ್ದರೆ? ಅವರದು ಮೈನಸ್ 5 ಆಗುತ್ತಿತ್ತು, ಚಿಂಚೋಳಿಯದು ಮೈನಸ್ 3. ಸೋಲು ಅದೇ ಸೋಲು, ನಡುವೆ ಒಂದೇ ಒಂದು ಬುಟ್ಟಿ, ಆದರೆ ಚಿತ್ತಾಪುರ ಮನೆಗೆ. ಸೋಲು ಖಾತ್ರಿ ಅಂತ ಗೊತ್ತಾದ ಮೇಲೂ ಕೊನೇ ನಿಮಿಷ ಓಡಬೇಕು ಅಂತ ಕೋಚ್ ಗಂಟಲು ಹರಿದು ಕೂಗುವುದು ಇದಕ್ಕೇ.

ಲೀಗ್‌ನಲ್ಲಿ ಗೆದ್ದರೆ 2 ಪಾಯಿಂಟ್, ಆಡಿ ಸೋತರೂ 1. ಮೈದಾನಕ್ಕೇ ಬಾರದಿದ್ದರೆ ಸೊನ್ನೆ, ಸ್ಕೋರು 20-0. ನಿಗದಿತ ಸಮಯ ಕಳೆದು 15 ನಿಮಿಷದೊಳಗೆ ಐದು ಜನ ಆಟಕ್ಕೆ ಸಿದ್ಧರಿಲ್ಲದಿದ್ದರೆ ಪಂದ್ಯ ಎದುರಾಳಿಗೆ. ನಾಲವಾರದಿಂದ ವಾಡಿ, ಶಹಾಬಾದ ದಾಟಿ ಕಲಬುರಗಿ ಮುಟ್ಟಬೇಕಾದವರು ಈ 15 ನಿಮಿಷವನ್ನು ನೆನಪಿಡಬೇಕು. ಪ್ಯಾಸೆಂಜರ್ ಗಾಡಿ ಔಟರ್‌ನಲ್ಲಿ ನಿಂತರೆ ರೆಫ್ರಿ ಕಾಯೋದಿಲ್ಲ.

ಕಾಗದ, ಫೌಲು, ಫ್ರೀ ಥ್ರೋ

ಅಂಕಣದ ಹೊರಗೆ ಸೋಲುವ ತಂಡಗಳೂ ಇವೆ. ಅರ್ಹತಾ ಪತ್ರದಲ್ಲಿ ಜನ್ಮ ದಿನಾಂಕ ಒಂದು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಎದುರು ತಂಡ ತಕರಾರು ಬರೆದುಕೊಟ್ಟರೆ ಗೆದ್ದ ಪಂದ್ಯವೂ ಕೈ ಬಿಡಬಹುದು. ಪಾಲಕರು ಆಧಾರ್ ತಿದ್ದುಪಡಿ ಜೂನ್‌ನಲ್ಲೇ ಮಾಡಿಸಿದರೆ ಆಗಸ್ಟ್‌ನಲ್ಲಿ ಓಡಾಟ ತಪ್ಪುತ್ತದೆ.

ಅಂಕಣದ ಒಳಗೆ ನಮ್ಮ ಮಕ್ಕಳ ದೊಡ್ಡ ಶತ್ರು ಫೌಲ್. ಕಬಡ್ಡಿ ಆಡಿ ಬೆಳೆದ ಮೈ, ಹಿಡಿಯೋದು ರಕ್ತದಲ್ಲೇ ಬಂದಿದೆ. ಬಾಸ್ಕೆಟ್‌ಬಾಲ್‌ನಲ್ಲಿ ಹಿಡಿದರೆ, ತಳ್ಳಿದರೆ ಫೌಲ್. ಒಬ್ಬ ಆಟಗಾರನಿಗೆ ಐದು ಫೌಲ್ ಆದರೆ ಅವನು ಆ ಪಂದ್ಯದಿಂದ ಹೊರಗೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ ಮುಂದಿನ ಪ್ರತಿ ಫೌಲ್‌ಗೂ ಎದುರಾಳಿಗೆ ಎರಡು ಫ್ರೀ ಥ್ರೋ. ತಂಡದಲ್ಲಿ 12 ಹೆಸರು ಬರೆಸಲು ಅವಕಾಶ ಇದ್ದರೂ ಏಳೆಂಟು ಜನರನ್ನೇ ಕರೆದೊಯ್ಯುವ ಶಾಲೆಗೆ ಕೊನೆಯ ಕ್ವಾರ್ಟರ್‌ನಲ್ಲಿ ಆಡಿಸಲು ಜನವೇ ಇರುವುದಿಲ್ಲ.

ಫ್ರೀ ಥ್ರೋ ಅಂದರೆ ಬೋರ್ಡಿನಿಂದ 4.6 ಮೀಟರ್ ದೂರ ನಿಂತು, ಯಾರೂ ಅಡ್ಡ ಬರದೆ ಎಸೆಯುವುದು. ಒಂದಕ್ಕೆ ಒಂದು ಅಂಕ. ಎರಡು ಅಂಕದ ಅಂತರದಲ್ಲಿ ಮುಗಿಯುವ ಪಂದ್ಯ ಇಲ್ಲೇ ತೀರ್ಮಾನ ಆಗುತ್ತದೆ. ಸಮಾಧಾನದ ಸಂಗತಿ ಏನಂದ್ರೆ ಇದಕ್ಕೆ ಪೂರ್ತಿ ಅಂಕಣ ಬೇಕಿಲ್ಲ. 3.05 ಮೀಟರ್ ಎತ್ತರದಲ್ಲಿ, ಅಂದರೆ ಸರಿಯಾಗಿ ಹತ್ತು ಅಡಿಗೆ, ಒಂದು ರಿಂಗ್ ಇದ್ದರೆ ಸಾಕು. (1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟ್ರು ಹಣ್ಣಿನ ಬುಟ್ಟಿಗಳನ್ನು ಹೊಡೆದ ಬಾಲ್ಕನಿ ಹತ್ತು ಅಡಿ ಎತ್ತರ ಇತ್ತು. ಅದೇ ಇವತ್ತಿಗೂ ಉಳಿದಿದೆ.)

ಸಿಮೆಂಟ್ ಸೀಮೆಯಲ್ಲಿ ಅಂಕಣಕ್ಕೆ ಬರ

ಕಬಡ್ಡಿ, ಖೋಖೋಗೆ ನಮ್ಮಲ್ಲಿ ತಂಡ ಸಿಗುತ್ತವೆ, ಬಾಸ್ಕೆಟ್‌ಬಾಲ್‌ಗೆ ಯಾಕಿಲ್ಲ? ಕಾರಣ ಕಾಲಡಿಯಲ್ಲೇ ಇದೆ. ಕ್ರೀಡಾಕೂಟ ನಡೆಯುವುದು ಮಳೆಗಾಲದಲ್ಲಿ, ಅತ್ತ ಹೆಸರು, ಉದ್ದಿನ ರಾಶಿಯ ಹೊತ್ತಿಗೆ. ಎರಿ ಮಣ್ಣಿನ ಮೇಲೆ ಚೆಂಡು ಪುಟಿಯುವುದಿಲ್ಲ, ಅಂಟಿಕೊಳ್ಳುತ್ತದೆ. ಗಟ್ಟಿ ನೆಲ ಇಲ್ಲದೆ ಈ ಆಟವೇ ಇಲ್ಲ. ಹಳ್ಳಿ ಶಾಲೆಗಳಲ್ಲಿ ಅಂಥ ಅಂಕಣ ಅಪರೂಪ.

ವಿಚಿತ್ರ ನೋಡ್ರಿ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ದೇಶಕ್ಕೆಲ್ಲ ಹೋಗುತ್ತದೆ. ಅಂಕಣದ ಅಳತೆ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತ ಎರಡು ಮೀಟರ್ ಬಿಟ್ಟರೆ 608 ಚದರ ಮೀಟರ್. ಹತ್ತು ಸೆಂಟಿಮೀಟರ್ ದಪ್ಪ ಕಾಂಕ್ರೀಟ್ ಹಾಕಿದರೆ ಸುಮಾರು 61 ಘನ ಮೀಟರ್. ಘನ ಮೀಟರಿಗೆ ಎಂಟು ಚೀಲ ಅಂದರೂ 490 ಚೀಲ, ಇಪ್ಪತ್ತೈದು ಟನ್ ಒಳಗೇ. ನಮ್ಮ ಸ್ಟೇಷನ್ ಮುಂದೆ ಹಾದುಹೋಗುವ ಗೂಡ್ಸ್ ರೈಲಿನ ಅರ್ಧ ವ್ಯಾಗನ್ ಸಿಮೆಂಟೂ ಆಗುವುದಿಲ್ಲ. ಕೂಲಿ, ಮರಳು, ಕಡಿ, ಕಂಬದ ಖರ್ಚು ಬೇರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಎಸ್‌ಡಿಎಂಸಿ ಸಭೆಯಲ್ಲಿ ಈ ಸಂಖ್ಯೆ ಇಟ್ಟು ಮಾತಾಡಬಹುದು.

ಅಂಗಡಿಕಾರರಿಗೆ ಒಂದು ಮಾತು. ಟೀಶರ್ಟ್ ಕೊಡಿಸುವುದು ಒಳ್ಳೆಯದೇ, ಹಿಂದೆ ಅಂಗಡಿ ಹೆಸರೂ ಬರುತ್ತದೆ. ಆದರೆ ಚೆಂಡು ಕೊಡಿಸುವುದಾದರೆ ಸೈಜ್ ಕೇಳಿ ತರ್ರಿ. ಹುಡುಗರಿಗೆ 7, ಹುಡುಗಿಯರಿಗೆ 6. ಹುಡುಗಿಯರು ವರ್ಷವಿಡೀ 7ರಲ್ಲಿ ಎಸೆದು, ಪಂದ್ಯದ ದಿನ ಚಿಕ್ಕ ಚೆಂಡು ಹಿಡಿದರೆ ಕೈಯ ಅಂದಾಜೇ ತಪ್ಪುತ್ತದೆ.

ಜಿಲ್ಲೆ ಗೆದ್ದ ಮೇಲೆ

ಜಿಲ್ಲಾ ಚಾಂಪಿಯನ್ ಕಲಬುರಗಿ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಚಾಂಪಿಯನ್‌ಗಳು. ಏಳು ತಂಡ, ಒಬ್ಬರಿಗೆ ಬೈ. ಅಲ್ಲಿಂದ ರಾಜ್ಯಮಟ್ಟಕ್ಕೆ, ಬೆಂಗಳೂರು, ಮೈಸೂರು, ಬೆಳಗಾವಿ ವಿಭಾಗಗಳಲ್ಲಿ ಗೆದ್ದವರ ಜೊತೆ.

ರಾಜ್ಯಮಟ್ಟದಲ್ಲಿ ಆಟದ ಸ್ವರೂಪ ಬದಲಾಗುತ್ತದೆ. 1954ರಲ್ಲಿ ಶುರುವಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ನಡೆಸುವ ರಾಷ್ಟ್ರೀಯ ಕೂಟಕ್ಕೆ ಹೋಗುವುದು ಗೆದ್ದ ಶಾಲೆಯಲ್ಲ, ಕರ್ನಾಟಕ ತಂಡ. ಅದಕ್ಕೆ ಬೇರೆ ಬೇರೆ ಶಾಲೆಗಳಿಂದ ಒಬ್ಬೊಬ್ಬರನ್ನೇ ಆರಿಸುತ್ತಾರೆ. ಸೋತ ತಂಡದ ಹುಡುಗಿಗೂ ಅಲ್ಲಿ ಅವಕಾಶ ಇದೆ. ಆದರೆ ಆಯ್ಕೆದಾರರು ನಾಲವಾರಕ್ಕೆ ಬಂದು ನೋಡುವುದಿಲ್ಲ, ಅವಳೇ ಅಲ್ಲಿಯವರೆಗೆ ಹೋಗಬೇಕು. ಹೋಗಬೇಕಾದರೆ ತಾಲೂಕು, ಜಿಲ್ಲೆ, ವಿಭಾಗ ಮೂರೂ ಕಡೆ ಅವಳ ತಂಡ ಒಂದೂ ನಾಕೌಟ್ ಸೋತಿರಬಾರದು. ಹತ್ತನೇ ಕ್ಲಾಸಿನ ಹುಡುಗಿಯಾದರೆ ಹೈಸ್ಕೂಲ್ ತಂಡದಲ್ಲಿ ಅವಳಿಗೆ ಇದೇ ಕೊನೆಯ ಸೀಸನ್.