ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳು: ತೂಬು, ಕೋಡಿ ಮತ್ತು ನೀರುಗಂಟಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ನಂದಿಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ಮೊದಲಾದ ನದಿಗಳು ಹುಟ್ಟುತ್ತವೆಯಾದರೂ ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಆದುದರಿಂದ ಈ ಸೀಮೆಯ ಬೇಸಾಯವು ಶತಮಾನಗಳಿಂದ ಕೆರೆಗಳನ್ನೇ ಆಶ್ರಯಿಸಿತ್ತು. ಮೈಸೂರು ಸೀಮೆಯಲ್ಲಿ ಹೊಸ ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದೇ ಜಾಣ್ಮೆಯ ಕೆಲಸವೆಂಬ ಅಭಿಪ್ರಾಯವನ್ನು ಎಂಜಿನಿಯರ್ ಸ್ಯಾಂಕಿ 1866ರಲ್ಲಿಯೇ ವ್ಯಕ್ತಪಡಿಸಿದ್ದನು. 1905ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ಆಧರಿಸಿದ ಅಧ್ಯಯನಗಳು ಕೆರೆ ಕಟ್ಟಿಸಿದವರ ಹೆಸರುಗಳಿಗೆ ನೀಡಿದಷ್ಟು ಗಮನವನ್ನು ಕೆರೆಯ ತೂಬಿಗೆ ನೀಡಿಲ್ಲವೆಂದೇ ಹೇಳಬೇಕಾಗುತ್ತದೆ.

ತೂಬಿನ ರಚನೆ ಸರಳವಾದುದು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳಿಗೆ ಅಡ್ಡಲಾಗಿ ರಂಧ್ರವುಳ್ಳ ಕಲ್ಲುಹಲಗೆಗಳನ್ನು ಜೋಡಿಸಲಾಗುತ್ತದೆ. ಈ ರಂಧ್ರಗಳ ಮೂಲಕ ಇಳಿಯುವ ಉದ್ದನೆಯ ಮರದ ಕೋಲಿನ ತುದಿಯಲ್ಲಿ ಶಂಕುವಿನಾಕಾರದ ಬಿರಡೆಯಿದ್ದು, ಅದು ತಳದ ಕಲ್ಲಿನ ಕಂಡಿಯನ್ನು ಮುಚ್ಚುತ್ತದೆ. ಕೋಲನ್ನು ಎತ್ತಿದಷ್ಟು ಪ್ರಮಾಣದಲ್ಲಿ ನೀರು ಏರಿಯಡಿಯ ಕಲ್ಲುಗಾಲುವೆಯನ್ನು ಸೇರಿ ಅಚ್ಚುಕಟ್ಟಿನ ಗದ್ದೆಗಳಿಗೆ ಹರಿಯುತ್ತದೆ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಿಂದ ಬೆಳೆದ ಕೈಗಾರಿಕಾ ಕಾಲುವೆಗಳ 'ಲಾಕ್'ಗಳಲ್ಲಿಯೂ ಒಬ್ಬ ಕಾವಲುಗಾರನು ಬಾಗಿಲು ತೆರೆದು ನೀರನ್ನು ಅಳತೆಯಾಗಿ ಬಿಡುತ್ತಿದ್ದನು. ಅಲ್ಲಿ ನೀರು ದೋಣಿಯನ್ನು ಏರಿಸಿ ಇಳಿಸುವುದಕ್ಕೆ, ಇಲ್ಲಿ ಪೈರನ್ನು ಉಳಿಸುವುದಕ್ಕೆ.

ತೂಬು ಒಂದೇ ಊರಿನ ವಿಷಯವಾದರೆ ಕೋಡಿ ಹಲವು ಊರುಗಳ ವಿಷಯ. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಯನ್ನು ಸೇರುವ ಸರಪಳಿಯಲ್ಲಿ, ಕೋಡಿಯನ್ನು ಒಂದು ಅಡಿ ಎತ್ತರಿಸಿದರೂ ಹಿನ್ನೀರಿನ ಹೊಲಗಳು ಮುಳುಗುತ್ತವೆ. ಕೆಳಗಿನ ಊರಿನ ಕೆರೆ ಬರಿದಾಗುತ್ತದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನವು ಕೆರೆಯ ಆರು ದೋಷಗಳನ್ನು ಹೇಳುವಾಗ ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ದೋಷವೆಂದೇ ಎಣಿಸಿರುವುದು ಗಮನಾರ್ಹ. ಈ ಮಾತಿನ ಅರ್ಥ ಚಿಕ್ಕಬಳ್ಳಾಪುರ ಸೀಮೆಗೆ ಬಹುಕಾಲದ ಮೇಲೆ ತಟ್ಟಿತು. 1892ರ ಮದರಾಸು-ಮೈಸೂರು ಒಪ್ಪಂದದ ಪಟ್ಟಿಯಲ್ಲಿ ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರ್ ಎಲ್ಲವೂ ಸೇರಿದ್ದು, ಈ ನದಿಗಳಲ್ಲಿ ಹೊಸ ನೀರಾವರಿ ಜಲಾಶಯಕ್ಕೆ ಮದರಾಸಿನ ಸಮ್ಮತಿ ಅಗತ್ಯವಾಯಿತು. ಇದ್ದ ಕೆರೆಗಳನ್ನು ಉಳಿಸಿಕೊಳ್ಳುವುದು ಆಗ ಇನ್ನಷ್ಟು ಅನಿವಾರ್ಯವಾಯಿತು.

ಆ ಹೊಣೆ ಹೊತ್ತವನು ನೀರುಗಂಟಿ. ತೂಬು ತೆಗೆಯುವುದು, ಸರದಿಯಂತೆ ಗದ್ದೆಗೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿ ಕಾಯುವುದು ಅವನ ಕರ್ತವ್ಯಗಳಾಗಿದ್ದವು. ನೀರು ಸಾಲದ ವರ್ಷದಲ್ಲಿ ಏರಿಗೆ ಹತ್ತಿರದ ಗದ್ದೆಗಳನ್ನು ಮಾತ್ರ ಬೆಳೆಯಿಟ್ಟು, ದೂರದ ಗದ್ದೆಯವರಿಗೂ ಅದರಲ್ಲಿ ಪಾಲು ಹಂಚುವ ದಾಮಾಶಾ ಪದ್ಧತಿಯು ಅವನ ನಿಷ್ಪಕ್ಷಪಾತವನ್ನೇ ನೆಚ್ಚಿಕೊಂಡಿತ್ತು. ಬಹುಮಟ್ಟಿಗೆ ದಲಿತ ಸಮುದಾಯಕ್ಕೆ ಸೇರಿದ ಅವನಿಗೆ ಇನಾಮು ಭೂಮಿ ಹಾಗೂ ಸುಗ್ಗಿಯಲ್ಲಿ ಕಣದ ಧಾನ್ಯ ಸಲ್ಲುತ್ತಿತ್ತು. ಊರಿನ ನೀರನ್ನೆಲ್ಲ ಹಂಚುವವನಿಗೆ ಊರಿನಲ್ಲಿ ಸಮಾನ ಸ್ಥಾನವಿರಲಿಲ್ಲವೆಂಬುದನ್ನು ಈ ವ್ಯವಸ್ಥೆಯನ್ನು ಹೊಗಳುವವರು ಮರೆಯಬಾರದು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯು ವಂಶಪಾರಂಪರ್ಯದ ಗ್ರಾಮಸೇವೆಗಳನ್ನು ಕೊನೆಗೊಳಿಸಿತು. ಅದು ನ್ಯಾಯವಾದುದೇ, ಆದರೆ ಅವನ ಕೆಲಸಕ್ಕೆ ಪರ್ಯಾಯ ಏರ್ಪಾಡು ಆಗಲಿಲ್ಲ.

ಮುಂದೆ ಕೊಳವೆಬಾವಿಗಳು ಹೆಚ್ಚಿದಂತೆ ತೂಬಿನ ನೀರನ್ನು ಕಾಯುವ ಅಗತ್ಯವೇ ರೈತನಿಗೆ ಉಳಿಯಲಿಲ್ಲ. ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಂತಾಮಣಿಯ ಟೊಮೆಟೊ ಬೆಳೆಗಳು ಅಂತರ್ಜಲದಿಂದಲೇ ಬೆಳೆದವು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯು ಕೆರೆ ಬಳಕೆದಾರರ ಸಂಘಗಳನ್ನು ರಚಿಸಿತಾದರೂ, ಕೆರೆಯಲ್ಲಿ ನೀರೇ ನಿಲ್ಲದ ವರ್ಷಗಳಲ್ಲಿ ಸಂಘಗಳು ಹಂಚಬೇಕಾದುದೇನೂ ಇರಲಿಲ್ಲ.

ಅನಂತರ ಬಂದುದು ಬೆಂಗಳೂರಿನ ಸಂಸ್ಕರಿಸಿದ ನೀರು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯು ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು 65 ಕೆರೆಗಳಿಗೆ ಹರಿಸುವ ಉದ್ದೇಶದ್ದಾಗಿದ್ದು, ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಅವುಗಳಲ್ಲೊಂದು. ಈ ನೀರು ಎರಡು ಹಂತದ ಶುದ್ಧೀಕರಣವನ್ನಷ್ಟೇ ಕಂಡಿದ್ದು, ಮೂರನೆಯ ಹಂತಕ್ಕಾಗಿ ರೈತ ಸಂಘಟನೆಗಳು ಒತ್ತಾಯಿಸುತ್ತಲೇ ಬಂದಿವೆ. ಇದು ಅಂತರ್ಜಲ ಮರುಪೂರಣಕ್ಕೆ ಮಾತ್ರ ಮೀಸಲಾದುದರಿಂದ ಕೆರೆಯಿಂದ ನೇರವಾಗಿ ಗದ್ದೆಗೆ ನೀರು ಪಡೆಯುವಂತಿಲ್ಲ. ಹೀಗಾಗಿ ಕೆರೆ ತುಂಬಿದರೂ ತೂಬು ಮುಚ್ಚಿಯೇ ಇರುತ್ತದೆ. ಇಂಗಿದ ನೀರು ಕೊಳವೆಬಾವಿ ಕೊರೆಸಬಲ್ಲವನ ಹೊಲಕ್ಕೆ ಮೊದಲು ತಲಪುತ್ತದೆ.